ಪೇಪರ್ ಎಲ್ಲರಿಗೂ ಸಿಗಬೇಕು, ಸಂಬಳವೂ ಉಳಿಯಬೇಕು

ಪ್ರಶ್ನೆ: ನಾನು ಶಿರಸಿ ಕಡೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಪಾರ್ಟ್ ಟೈಮ್ ಪಿಎಚ್.ಡಿ. ನಮ್ಮ ಭಾಗದ 38 ಜನ ನಾಟಿ ವೈದ್ಯರನ್ನು ಮಾತಾಡಿಸಿ, ಅವರು ಬಳಸುವ ಗಿಡಗಳ ಬಗ್ಗೆ ಸಂಶೋಧನಾ ಪೇಪರ್ ಬರೆದಿದ್ದೇನೆ. ಅವರಲ್ಲಿ ಹೆಚ್ಚಿನವರು 60 ದಾಟಿದವರು. ಓಪನ್ ಆಕ್ಸೆಸ್‌ನಲ್ಲೇ (ಓದುಗರಿಗೆ ಪುಕ್ಕಟೆ ಸಿಗುವ ಹಾಗೆ) ಹಾಕಿ, ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಜಾಸ್ತಿ ಬರುತ್ತೆ ಅಂತ ಗೈಡ್ ಹೇಳುತ್ತಾರೆ. ಒಂದು ವಿದೇಶಿ ಜರ್ನಲ್ ನೋಡಿದೆ, ಅಲ್ಲಿ 2,200 ಡಾಲರ್ ಶುಲ್ಕ. ಇನ್ನೊಂದು ಜರ್ನಲ್‌ನಿಂದ ಇಮೇಲ್ ಬಂದಿತ್ತು, ಅಲ್ಲಿಗೆ ಕಳಿಸಿದೆ. ಎರಡೇ ದಿನಕ್ಕೆ 'ಅಕ್ಸೆಪ್ಟೆಡ್' ಅಂತ ಉತ್ತರ ಬಂತು. ಶುಕ್ರವಾರದೊಳಗೆ 3,500 ರೂಪಾಯಿ ಕಟ್ಟಬೇಕಂತೆ. ಆ ಇಮೇಲನ್ನು ನಿಮಗೆ ಫಾರ್ವರ್ಡ್ ಮಾಡಿದ್ದೇನೆ. ಅವರಿಗೆ ಐಎಸ್‌ಎಸ್‌ಎನ್ (ಜರ್ನಲ್‌ಗಳಿಗೆ ಕೊಡುವ ಗುರುತಿನ ಸಂಖ್ಯೆ) ನಂಬರ್ ಇದೆಯಲ್ಲ, ಕಟ್ಟಲೇ? ನನಗೆ ಅನುದಾನ ಯಾವುದೂ ಇಲ್ಲ, ದುಡ್ಡಿಲ್ಲದವರಿಗೆ ಓಪನ್ ಆಕ್ಸೆಸ್ ದಾರಿ ಇದೆಯೇ? ಪರಿಶೀಲನೆಗೂ ಮೊದಲೇ ಪ್ರಿಪ್ರಿಂಟ್ ಆಗಿ ಹಾಕಬಹುದೇ? ತೆರೆದಿಟ್ಟರೆ ಈ ಮದ್ದುಗಳನ್ನು ಕಂಪನಿಯವರು ಕದಿಯುವುದಿಲ್ಲವೇ?

ಉತ್ತರ: ಮೇಡಂ, ಮೊದಲು ಅರ್ಜೆಂಟಾದ ವಿಷಯ. ಆ 3,500 ರೂಪಾಯಿ ಕಟ್ಟಬೇಡಿ. ಅವರು ಕಳಿಸಿರುವ ಕಾಪಿರೈಟ್ ಫಾರಂಗೆ ಸಹಿಯನ್ನೂ ಹಾಕಬೇಡಿ. ಇವತ್ತೇ ಒಂದು ಚಿಕ್ಕ ಇಮೇಲ್ ಬರೆಯಿರಿ: 'ನನ್ನ ಹಸ್ತಪ್ರತಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಾನು ಹಣ ಕಟ್ಟಿಲ್ಲ, ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ದಯವಿಟ್ಟು ಪ್ರಕಟಿಸಬೇಡಿ.' ಇಷ್ಟು ಸಾಕು. ಗೈಡ್‌ಗೂ ಒಂದು ಕಾಪಿ ಹೋಗಲಿ. 'ವಿತ್‌ಡ್ರಾವಲ್ ಫೀ' ಕೊಡಿ ಅಂತ ಅವರು ಉತ್ತರ ಬರೆಯಬಹುದು. ಅದಕ್ಕೆ ಹೆದರಬೇಡಿ, ಉತ್ತರ ಕೊಡಲೂ ಬೇಡಿ.

ಆತುರ ಯಾಕೆ ಅಂದರೆ, ಅವರು ಪೇಪರನ್ನು ಒಮ್ಮೆ ವೆಬ್‌ಸೈಟಿಗೆ ಏರಿಸಿಬಿಟ್ಟರೆ ತೆಗೆಸುವುದು ಬಹಳ ಕಷ್ಟ. ಆಮೇಲೆ ನೀವು ಒಳ್ಳೆಯ ಜರ್ನಲ್‌ಗೆ ಕಳಿಸಿದರೆ 'ಇದು ಆಗಲೇ ಪ್ರಕಟವಾಗಿದೆಯಲ್ಲ' ಅಂತ ವಾಪಸ್ ಬರುತ್ತದೆ. ಹೋಗುವುದು ಮೂರೂವರೆ ಸಾವಿರವಲ್ಲ, 38 ಮನೆಗಳ ಜಗುಲಿಯಲ್ಲಿ ಕೂತು ಬರೆದುಕೊಂಡ ಕೆಲಸ.

ನೀವು ಫಾರ್ವರ್ಡ್ ಮಾಡಿದ ಆ ಇಮೇಲನ್ನು ಸಾವಕಾಶವಾಗಿ ಓದಿದೆ. ಲೈಬ್ರರಿಯಲ್ಲಿ ಕೂತು ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಶುರುವಾಗುವುದೇ 'ಗ್ರೀಟಿಂಗ್ಸ್ ಆಫ್ ದಿ ಡೇ' ಅಂತ. ನೀವು ಇನ್ನೂ ಪಿಎಚ್.ಡಿ. ಮಾಡುತ್ತಿದ್ದೀರಿ, ಅವರು ನಿಮ್ಮನ್ನು 'ಎಮಿನೆಂಟ್ ಪ್ರೊಫೆಸರ್' ಮಾಡಿಬಿಟ್ಟಿದ್ದಾರೆ. ಜರ್ನಲ್ ಹೆಸರಿನಲ್ಲಿ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ವಿಜ್ಞಾನ, ಸಾಹಿತ್ಯ ಎಲ್ಲವೂ ಇದೆ. ನಾಟಿ ವೈದ್ಯದ ಪೇಪರನ್ನೂ ಸಿಮೆಂಟ್ ಕಾಂಕ್ರೀಟಿನ ಪೇಪರನ್ನೂ ಒಂದೇ ಸಂಚಿಕೆಯಲ್ಲಿ ಯಾರು ಪರಿಶೀಲಿಸುತ್ತಾರೆ? ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಂಕಿ) 8 ಚಿಲ್ಲರೆ ಅಂತ ಹಾಕಿದ್ದಾರೆ, ಕೊಟ್ಟವರು ಯಾರೋ ಹೆಸರೇ ಕೇಳದವರು. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಕಂಪನಿ ಮಾತ್ರ. ಹಣ ಕಟ್ಟುವ ಯುಪಿಐ ನಂಬರ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿದೆ. ಇಷ್ಟರ ಮೇಲೆ 'ಯುಜಿಸಿ ಕೇರ್ ಅಪ್ರೂವ್ಡ್' ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ಒಪ್ಪಿತ ಜರ್ನಲ್‌ಗಳ ಆ ಕೇರ್ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರುವರಿಯಲ್ಲೇ ನಿಲ್ಲಿಸಿದೆ! ಈಗ ಯಾವ ಜರ್ನಲ್ ಒಳ್ಳೆಯದು ಅಂತ ತೂಗಿ ನೋಡುವ ಜವಾಬ್ದಾರಿ ನಮ್ಮ ನಮ್ಮ ಸಂಸ್ಥೆಗಳ ಮೇಲೆ ಬಿದ್ದಿದೆ.

ಐಎಸ್‌ಎಸ್‌ಎನ್ ನಂಬರ್ ಇದೆಯಲ್ಲ ಅಂತ ಕೇಳಿದ್ದೀರಿ. ಐಎಸ್‌ಎಸ್‌ಎನ್ ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಯಾವುದು ಅಂತ ಹೇಳುತ್ತದೆ, ಡ್ರೈವರ್‌ಗೆ ಗಾಡಿ ಓಡಿಸಲು ಬರುತ್ತದೋ ಇಲ್ಲವೋ ಹೇಳುವುದಿಲ್ಲ. ಪ್ರತಿ ಪೇಪರ್‌ಗೆ ಕೊಡುವ ಗುರುತಿನ ಸಂಖ್ಯೆ ಡಿಒಐ ಕೂಡ ಅಷ್ಟೇ.

ಇದರಲ್ಲಿ ನಿಮ್ಮೊಬ್ಬರದೇ ತಪ್ಪು ಅಂತ ಅಂದುಕೊಳ್ಳಬೇಡಿ. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತರು ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರ್ ತಯಾರಿಸಿ, 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಆ 304ರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದವು. ಯುಜಿಸಿ ತನ್ನ ಹಳೆಯ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಸಂಶೋಧಕರಿಗೆ ಮೋಸ ಮಾಡಿದ್ದಕ್ಕೆ ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನಕ್ಕೆ 2019ರಲ್ಲಿ ಅಮೆರಿಕದ ಕೋರ್ಟು 5 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟುವಂತೆ ಹೇಳಿತು. ಬಡ್ತಿಗೆ, ಪಿಎಚ್.ಡಿ.ಗೆ ಪೇಪರ್ ಬೇಕೇ ಬೇಕು ಅಂತ ಕೂತರೆ ಅದನ್ನು ಮಾರುವ ಅಂಗಡಿಗಳು ಹುಟ್ಟಿಕೊಳ್ಳುತ್ತವೆ, ಅಷ್ಟೇ. ಅಂದ ಹಾಗೆ, ಪಿಎಚ್.ಡಿ. ಥೀಸಿಸ್ ಕೊಡುವ ಮೊದಲು ಜರ್ನಲ್ ಪೇಪರ್ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಒಮ್ಮೆ ಕೇಳಿ ನೋಡಿ. ಕಡ್ಡಾಯ ಅಲ್ಲ ಅಂತಾದರೆ ನಿಮ್ಮ ಶುಕ್ರವಾರದ ಗಡಿಬಿಡಿ ಅರ್ಧ ಅಲ್ಲಿಗೇ ಮುಗಿಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಓಪನ್ ಆಕ್ಸೆಸ್ ಅಂದರೆ 'ಲೇಖಕರು ದುಡ್ಡು ಕೊಟ್ಟು ಹಾಕಿಸುವುದು' ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸರಿಯಲ್ಲ. ಓಪನ್ ಆಕ್ಸೆಸ್ ಅಂದರೆ ಓದುವವರು ದುಡ್ಡು ಕೊಡದೆ ಓದಬಹುದು ಅಂತ, ಅಷ್ಟೇ. 2002ರ ಬುಡಾಪೆಸ್ಟ್ ಘೋಷಣೆಯಿಂದ ಈ ಚಳವಳಿಗೆ ಹೆಸರು ಬಂದಿದ್ದು. ಅದು ಎರಡು ದಾರಿ ಹೇಳಿತ್ತು. ಒಂದು, ಎಲ್ಲರಿಗೂ ತೆರೆದ ಜರ್ನಲ್‌ಗಳು. ಇನ್ನೊಂದು, ನೀವು ಯಾವ ಜರ್ನಲ್‌ನಲ್ಲಾದರೂ ಪ್ರಕಟಿಸಿ, ನಿಮ್ಮ ಪೇಪರ್‌ನ ಒಂದು ಪ್ರತಿಯನ್ನು ತೆರೆದ ರೆಪೊಸಿಟರಿಯಲ್ಲಿ (ಪೇಪರ್‌ಗಳನ್ನು ಕಾಪಿಡುವ ಅಂತರ್ಜಾಲ ಸಂಗ್ರಹದಲ್ಲಿ) ಇಡಿ. ಈ ಎರಡನೆಯ ದಾರಿಗೆ ಒಂದು ಪೈಸೆಯೂ ಖರ್ಚಿಲ್ಲ. ವಿಚಿತ್ರ ಅಂದರೆ ಅದನ್ನು ನಮಗೆ ಯಾರೂ ಇಮೇಲ್ ಮಾಡಿ ಹೇಳುವುದಿಲ್ಲ. ಯಾಕಂದರೆ ಅದರಲ್ಲಿ ಯಾರಿಗೂ ಲಾಭವಿಲ್ಲ.

ನೀವು ನೋಡಿದ 2,200 ಡಾಲರಿನದು 'ಗೋಲ್ಡ್' ದಾರಿ. ಎಪಿಸಿ ಅಂತ ಕರೆಯುವ ಶುಲ್ಕವನ್ನು ಲೇಖಕರು ಕಟ್ಟುತ್ತಾರೆ. ರೂಪಾಯಿಯಲ್ಲಿ ಹತ್ತಿರ ಹತ್ತಿರ 2 ಲಕ್ಷ. ಇದು ಮೋಸವೇನಲ್ಲ, ಬಹಳಷ್ಟು ಒಳ್ಳೆಯ ಜರ್ನಲ್‌ಗಳು ಹೀಗೇ ನಡೆಯುತ್ತವೆ. ನೇಚರ್ ಪತ್ರಿಕೆ 2021ರಲ್ಲಿ ಈ ಆಯ್ಕೆ ಶುರು ಮಾಡಿದಾಗ ಇಟ್ಟ ಬೆಲೆ 9,500 ಯೂರೋ. ಯುರೋಪಿನ ಸಂಶೋಧಕರಿಗೆ ಅವರ ವಿಶ್ವವಿದ್ಯಾಲಯವೋ ಅನುದಾನ ಕೊಟ್ಟವರೋ ಇದನ್ನು ಕಟ್ಟುತ್ತಾರೆ. ನಮ್ಮಲ್ಲಿ ಪದವಿ ಕಾಲೇಜಿನ ಮೇಷ್ಟ್ರಿಗೆ ಕಟ್ಟುವವರು ಯಾರು? ಬಡ ದೇಶಗಳ ಲೇಖಕರಿಗೆ ದೊಡ್ಡ ಪ್ರಕಾಶಕರು ಶುಲ್ಕ ಮನ್ನಾ ಮಾಡುವುದುಂಟು. ಆದರೆ ತನ್ನಿಂತಾನೇ ಮನ್ನಾ ಸಿಗುವ ದೇಶಗಳ ಸಾಲಿನಲ್ಲಿ ಭಾರತ ಇಲ್ಲ. ಕೇಳಿಕೊಂಡರೆ ಸಿಗಬಹುದು. ಕೇಳುವುದಾದರೆ ಪೇಪರ್ ಕಳಿಸುವಾಗಲೇ ಕೇಳಿ. ಒಪ್ಪಿಗೆ ಬಂದ ಮೇಲೆ ಕೇಳಿದರೆ 'ಮೊದಲೇ ಹೇಳಬೇಕಿತ್ತು' ಅನ್ನುತ್ತಾರೆ.

ಸೈಟೇಶನ್ ಬಗ್ಗೆ ನಿಮ್ಮ ಗೈಡ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ತೆರೆದಿಟ್ಟ ಪೇಪರನ್ನು ಜಾಸ್ತಿ ಜನ ಓದುತ್ತಾರೆ. ಆದರೆ ಉಲ್ಲೇಖ ಹೆಚ್ಚುವುದು ತೆರೆದಿಟ್ಟದ್ದರಿಂದಲೋ, ಒಳ್ಳೆಯ ಪೇಪರನ್ನೇ ಜನ ತೆರೆದಿಡುವುದರಿಂದಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದನ್ನು ನಂಬಿಕೊಂಡು ಸೊಸೈಟಿಯಲ್ಲಿ ಸಾಲ ತೆಗೆಯಬೇಡಿ.

ದುಡ್ಡು ಕೇಳದ, ಓದುಗರಿಗೂ ತೆರೆದಿರುವ ಜರ್ನಲ್‌ಗಳಿಗೆ 'ಡೈಮಂಡ್' ಅನ್ನುತ್ತಾರೆ. ಸರ್ಕಾರಿ ಸಂಸ್ಥೆಗಳು, ಅಕಾಡೆಮಿಗಳು, ವಿದ್ವತ್ ಸಂಘಗಳು ತಮ್ಮ ಖರ್ಚಿನಲ್ಲಿ ನಡೆಸುವಂಥವು. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, 'ಓಪನ್ ಆಕ್ಸೆಸ್' ಎಂಬ ಪದ ಚಾಲ್ತಿಗೆ ಬರುವ ಮೊದಲೇ ತನ್ನ ಜರ್ನಲ್‌ಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತ್ತು. ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಇಂಡಿಯನ್ ಜರ್ನಲ್ ಆಫ್ ಟ್ರೆಡಿಶನಲ್ ನಾಲೆಡ್ಜ್. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ನಿಸ್ಪರ್ ಸಂಸ್ಥೆ ದೆಹಲಿಯಿಂದ ಹೊರತರುತ್ತದೆ. ನಾಟಿ ವೈದ್ಯ, ಗಿಡಮೂಲಿಕೆ, ಹಳ್ಳಿಯ ಅರಿವು ಇವೇ ಅದರ ಕ್ಷೇತ್ರ. ಪೇಪರ್‌ಗಳು ಎಲ್ಲರಿಗೂ ತೆರೆದಿವೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಇಲ್ಲಿಗೇ ಕಳಿಸುತ್ತಿದ್ದೆ. ಕಳಿಸುವ ದಿನ ಅವರ ವೆಬ್‌ಸೈಟಿನಲ್ಲಿ ಲೇಖಕರಿಗೆ ಕೊಟ್ಟ ಸೂಚನೆಗಳನ್ನು ಓದಿ, ಶುಲ್ಕದ ನಿಯಮ ಎಲ್ಲೇ ಆಗಲಿ ಬದಲಾಗುತ್ತಿರುತ್ತದೆ. ಎರಡು ದಿನದಲ್ಲಿ ಉತ್ತರ ಬರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಪರಿಶೀಲಕರು ಓದಿ, ಗಿಡದ ಹರ್ಬೇರಿಯಂ (ಒಣಗಿಸಿಟ್ಟ) ಮಾದರಿ ಎಲ್ಲಿಟ್ಟಿದ್ದೀರಿ, ವೈದ್ಯರ ಒಪ್ಪಿಗೆ ಪಡೆದಿದ್ದೀರಾ ಅಂತೆಲ್ಲ ಕೇಳುತ್ತಾರೆ. ಅದು ಕಿರಿಕಿರಿಯೇ. ಆದರೆ ಎರಡು ದಿನದಲ್ಲಿ ಒಪ್ಪಿದವರು ಇದರಲ್ಲಿ ಒಂದನ್ನಾದರೂ ಕೇಳಿದರಾ?

ಬೇರೆ ಜರ್ನಲ್ ಹುಡುಕುವುದಾದರೆ ಡಿಒಎಜೆ ಎಂಬ ತಾಣವಿದೆ. ಓಪನ್ ಆಕ್ಸೆಸ್ ಜರ್ನಲ್‌ಗಳ ಡೈರೆಕ್ಟರಿ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಶುರುವಾದದ್ದು. ಪರಿಶೀಲಿಸಿ ಸೇರಿಸಿಕೊಂಡ 20,000ಕ್ಕೂ ಹೆಚ್ಚು ಜರ್ನಲ್‌ಗಳು ಅದರಲ್ಲಿವೆ. ಹುಡುಕುವಾಗ ಪಕ್ಕದಲ್ಲಿ 'ಶುಲ್ಕವಿಲ್ಲದವು ಮಾತ್ರ' ಎಂಬರ್ಥದ ಒಂದು ಚೌಕ ಇರುತ್ತದೆ, ಅದನ್ನು ಒತ್ತಿ. ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದೇ ಇರುತ್ತದೆ! ನಮ್ಮಲ್ಲಿಗೆ ಬರುವ ಸಂಶೋಧಕರಿಗೆ ನಾನು ಇದನ್ನು ತೋರಿಸಿದಾಗಲೆಲ್ಲ ಅವರ ಮುಖ ನೋಡಬೇಕು. ಒಂದು ಎಚ್ಚರಿಕೆ. ಒಳ್ಳೆಯ ಜರ್ನಲ್‌ನ ಹೆಸರು ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ. ಹಾಗಾಗಿ ಗೂಗಲ್‌ನಿಂದ ಹೋಗಬೇಡಿ, ಡಿಒಎಜೆ ಪುಟದಲ್ಲಿರುವ ಕೊಂಡಿಯಿಂದಲೇ ಹೋಗಿ.

ಇನ್ನು ಆ ಖರ್ಚಿಲ್ಲದ ಎರಡನೆಯ ದಾರಿ, 'ಗ್ರೀನ್'. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಡವುವುದು ಇಲ್ಲೇ.

ನಿಮ್ಮ ಪೇಪರ್ ಒಂದು ಚಂದಾ ಜರ್ನಲ್‌ನಲ್ಲಿ (ಚಂದಾ ಕಟ್ಟಿದವರಿಗೆ ಮಾತ್ರ ಓದಲು ಸಿಗುವಂಥದ್ದು) ಒಪ್ಪಿಗೆಯಾಯಿತು ಅಂತಿಟ್ಟುಕೊಳ್ಳಿ. ಒಪ್ಪಿಗೆ ಬಂದ ತಕ್ಷಣ ಒಂದು ಪರದೆ ತೆರೆಯುತ್ತದೆ. ಮೇಲೆ ದೊಡ್ಡದಾಗಿ 'ಓಪನ್ ಆಕ್ಸೆಸ್ ಪ್ರಕಟಿಸಿ, 3,000 ಡಾಲರ್' ಎಂಬಂಥದ್ದು. ಕೆಳಗೆ 'ಚಂದಾ ಆಧಾರದಲ್ಲಿ ಪ್ರಕಟಿಸಿ, ಶುಲ್ಕವಿಲ್ಲ'. ಮೇಲಿನದನ್ನು ಒತ್ತಿದರೆ ಮಾತ್ರ ಪೇಪರ್ ಬರುತ್ತದೆ ಅಂತ ಗಾಬರಿಯಾಗಿ ಒತ್ತಿಬಿಟ್ಟವರನ್ನು ನೋಡಿದ್ದೇನೆ. ನೀವು ಕೆಳಗಿನದನ್ನು ಒತ್ತಿ. ಪೇಪರ್‌ನ ಗುಣಮಟ್ಟದಲ್ಲಿ, ಅಂಕದಲ್ಲಿ, ಯಾವುದರಲ್ಲೂ ವ್ಯತ್ಯಾಸವಿಲ್ಲ. ಆಮೇಲೆ ನಿಮ್ಮ ಪ್ರತಿಯನ್ನು ರೆಪೊಸಿಟರಿಯಲ್ಲಿ ಇಡಿ.

ಯಾವ ಪ್ರತಿ? ಇದೇ ಮುಖ್ಯ. ಪ್ರಕಾಶಕರು ಅಂದವಾಗಿ ಜೋಡಿಸಿ ಕೊಟ್ಟ ಪಿಡಿಎಫ್ ಅಲ್ಲ. ಪರಿಶೀಲಕರ ಮಾತಿನಂತೆ ತಿದ್ದಿ, ಕೊನೆಯದಾಗಿ ನೀವು ಕಳಿಸಿ, ಸಂಪಾದಕರು ಒಪ್ಪಿಕೊಂಡ ವರ್ಡ್ ಫೈಲ್. ಅದಕ್ಕೆ 'ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್' ಅನ್ನುತ್ತಾರೆ. ಹೆಚ್ಚಿನ ಪ್ರಕಾಶಕರು ಇದನ್ನು ಇಡಲು ಬಿಡುತ್ತಾರೆ. ಕೆಲವರು ತಕ್ಷಣ, ಕೆಲವರು ಕಾಯಿಸಿ. ಸ್ಪ್ರಿಂಗರ್‌ನ ಚಂದಾ ಜರ್ನಲ್‌ಗಳಲ್ಲಿ ಸಾಮಾನ್ಯವಾಗಿ 12 ತಿಂಗಳು. ಎಲ್ಸೆವಿಯರ್‌ನಲ್ಲಿ ಜರ್ನಲ್ ನೋಡಿಕೊಂಡು 12ರಿಂದ 24 ತಿಂಗಳು. ಯಾವ ಜರ್ನಲ್ ಏನು ಹೇಳುತ್ತದೆ ಅಂತ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ ಸಿಗುತ್ತದೆ. ಮೊದಲು ಅದರ ಹೆಸರು ಶೆರ್ಪಾ ರೋಮಿಯೋ ಅಂತಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ.

ಹೋದ ವರ್ಷ ಒಬ್ಬ ಮೇಡಂ ಬಂದಿದ್ದರು, ರಸಾಯನಶಾಸ್ತ್ರದವರು. ಇಡಲು ಆಸೆ, ಆದರೆ ಕೈಯಲ್ಲಿರುವುದು ಪ್ರಕಾಶಕರ ಪಿಡಿಎಫ್ ಮಾತ್ರ. ವರ್ಡ್ ಫೈಲ್ ಹಳೆಯ ಲ್ಯಾಪ್‌ಟಾಪ್ ಜೊತೆ ಹೋಗಿದೆ. ಇಬ್ಬರೂ ಕೂತು ಅವರ ಜಿಮೇಲ್ ಜಾಲಾಡಿದೆವು. 'ಫೈನಲ್', 'ಫೈನಲ್ 2', 'ಫೈನಲ್ ಸರ್ ಕರೆಕ್ಷನ್', 'ರಿಯಲ್ ಫೈನಲ್' ಅಂತ 9 ಫೈಲ್ ಸಿಕ್ಕವು. ಕೊನೆಗೆ ಸಂಪಾದಕರ ಒಪ್ಪಿಗೆ ಪತ್ರದ ತಾರೀಖು ಹಿಡಿದು, ಅದಕ್ಕಿಂತ ಸ್ವಲ್ಪ ಹಿಂದೆ ಕಳಿಸಿದ್ದು ಯಾವುದು ಅಂತ ನೋಡಿ ಪತ್ತೆ ಮಾಡಿದೆವು. ಮಧ್ಯಾಹ್ನದ ಊಟ ಹೋಯಿತು. ನೀವು ಈಗಲೇ ಒಂದು ಫೋಲ್ಡರ್ ಮಾಡಿ. ಒಪ್ಪಿಗೆ ಬಂದ ದಿನವೇ ಆ ಫೈಲು, ಒಪ್ಪಿಗೆ ಪತ್ರ, ಸಹಿ ಹಾಕಿದ ಒಪ್ಪಂದ ಮೂರನ್ನೂ ಅದರಲ್ಲಿ ಹಾಕಿಡಿ.

ಪ್ರಕಾಶಕರ ಪಿಡಿಎಫ್ ಇಟ್ಟರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹಿಂದೆ ನಾನಿದ್ದ ಸಂಸ್ಥೆಯ ರೆಪೊಸಿಟರಿಗೆ ಉತ್ಸಾಹದಲ್ಲಿ ನೂರಾರು ಪಿಡಿಎಫ್ ಏರಿಸಿದ್ದೆ, ಯಾರನ್ನೂ ಕೇಳದೆ. ಒಂದು ಪ್ರಕಾಶನದಿಂದ ಖಡಕ್ ನೋಟಿಸ್ ಬಂತು. ನಿರ್ದೇಶಕರ ಕೊಠಡಿಯಲ್ಲಿ ನಿಂತು ಬೈಸಿಕೊಂಡೆ. ಎರಡು ವಾರ ಕೂತು ಒಂದೊಂದೇ ತೆಗೆದೆ. ತಪ್ಪು ನನ್ನದೇ. ಸಂಶೋಧಕರು ಪೇಪರ್ ಹಂಚಿಕೊಳ್ಳುವ ತಾಣ ರಿಸರ್ಚ್‌ಗೇಟ್‌ಗೂ ಇದೇ ಮಾತು. ಅಲ್ಲಿ ಎಲ್ಲರೂ ಪಿಡಿಎಫ್ ಹಾಕುತ್ತಾರಲ್ಲ ಅಂತ ಕೇಳಬೇಡಿ. 2017ರಲ್ಲಿ ಎರಡು ದೊಡ್ಡ ಪ್ರಕಾಶಕರು ಜರ್ಮನಿಯಲ್ಲಿ ಅದರ ಮೇಲೆ ಕೇಸು ಹಾಕಿದ್ದರು. ಅದೂ ಅಲ್ಲದೆ ಅದೊಂದು ಖಾಸಗಿ ಕಂಪನಿ, ರೆಪೊಸಿಟರಿ ಅಲ್ಲ.

ಎಲ್ಲಿ ಇಡುವುದು? ನಿಮ್ಮ ವಿಶ್ವವಿದ್ಯಾಲಯಕ್ಕೆ ರೆಪೊಸಿಟರಿ ಇದ್ದರೆ ಅಲ್ಲಿ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂಥದ್ದನ್ನು ಶುರು ಮಾಡಿತು, ದೇಶದಲ್ಲೇ ಮೊದಲನೆಯದು. ಇಲ್ಲವಾದರೆ ಝೆನೋಡೋ ಇದೆ. ಜಿನೀವಾದ ಸರ್ನ್ ಪ್ರಯೋಗಾಲಯ ನಡೆಸುತ್ತದೆ, ಯಾರು ಬೇಕಾದರೂ ಖಾತೆ ತೆರೆಯಬಹುದು, ಡಿಒಐ ಕೂಡ ಪುಕ್ಕಟೆ. ಒಂದು ಮಾತು. ಕೇಂದ್ರದ ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಅಥವಾ ಡಿಎಸ್‌ಟಿ (ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಅನುದಾನದಲ್ಲಿ ಕೆಲಸ ಮಾಡಿದವರಿಗೆ ಹೀಗೆ ಇಡುವುದು ಆಯ್ಕೆಯಲ್ಲ, 2014ರ ನೀತಿಯ ಪ್ರಕಾರ ಇಡಲೇಬೇಕು. ನಿಮಗೆ ಅನುದಾನ ಇಲ್ಲ, ಹಾಗಾಗಿ ಒತ್ತಾಯವೂ ಇಲ್ಲ.

ಪ್ರಿಪ್ರಿಂಟ್ ಬಗ್ಗೆಯೂ ಕೇಳಿದ್ದೀರಿ. ಪರಿಶೀಲನೆಗೂ ಮೊದಲೇ ಪೇಪರನ್ನು ತೆರೆದಿಡುವುದು. ಭೌತವಿಜ್ಞಾನದವರು 1991ರಿಂದ ಆರ್ಕೈವ್‌ನಲ್ಲಿ ಹೀಗೆ ಮಾಡುತ್ತಿದ್ದಾರೆ, ಜೀವವಿಜ್ಞಾನದವರಿಗೆ 2013ರಿಂದ ಬಯೋಆರ್ಕೈವ್ ಇದೆ. ಒಳ್ಳೆಯ ವ್ಯವಸ್ಥೆ. ಆದರೆ ನಿಮ್ಮ ಈ ಪೇಪರ್‌ಗೆ ನಾನು ಬೇಡ ಅನ್ನುತ್ತೇನೆ. ಮದ್ದಿನ ವಿಷಯ, ಯಾರೂ ಪರಿಶೀಲಿಸದ ಮಾಹಿತಿ ಊರೆಲ್ಲ ಹರಿದಾಡಿದರೆ ಯಾರೋ ಬೇರು ಅರೆದು ಕುಡಿದಾರು.

ಒಎನ್‌ಒಎಸ್ ಬಂದಿದೆಯಲ್ಲ, ಅದರಿಂದ ಆಗುವುದಿಲ್ಲವೇ ಅಂತ ಬಹಳ ಜನ ಕೇಳುತ್ತಾರೆ. 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಇದು ಮುಖ್ಯವಾಗಿ ಓದಲಿಕ್ಕೆ. ನಿಮ್ಮ ಕಾಲೇಜು ಸರ್ಕಾರಿಯಾದ್ದರಿಂದ ನೋಂದಣಿ ಆಗಿದೆಯೇ ಅಂತ ಲೈಬ್ರರಿಯವರನ್ನು ಕೇಳಿ. ಆಗಿದ್ದರೆ ಥೀಸಿಸ್‌ಗೆ ಬೇಕಾದ ಪೇಪರ್‌ಗಳು ಮನೆ ಬಾಗಿಲಿಗೇ ಬಂದ ಹಾಗೆ. ಪ್ರಕಟಣೆಯ ಶುಲ್ಕದಲ್ಲಿ ಏನಾದರೂ ರಿಯಾಯಿತಿ ಇದೆಯೇ ಅಂತ ಅಲ್ಲೇ ವಿಚಾರಿಸಿ. ಆದರೆ ಚಂದಾ ಇಲ್ಲದ ನಾಟಿ ವೈದ್ಯರಿಗೆ, ಪತ್ರಕರ್ತರಿಗೆ, ಖಾಸಗಿ ಆಯುರ್ವೇದ ಕಾಲೇಜಿನ ಹುಡುಗರಿಗೆ ಇದರಿಂದ ನಿಮ್ಮ ಪೇಪರ್ ಸಿಗುವುದಿಲ್ಲ.

ಕೊನೆಯದಾಗಿ ಲೈಸೆನ್ಸ್. ಓಪನ್ ಆಕ್ಸೆಸ್ ಪೇಪರ್ ಮೇಲೆ ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್ (ಬರಹವನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್) ಗುರುತು ಇರುತ್ತದೆ. ಸಿಸಿ ಬಿವೈ ಅಂದರೆ ಹೆಸರು ಹೇಳಿ ಯಾರು ಏನು ಬೇಕಾದರೂ ಮಾಡಬಹುದು, ವ್ಯಾಪಾರ ಕೂಡ. ಎನ್‌ಸಿ ಸೇರಿದ್ದರೆ ಅದರಲ್ಲಿರುವ ಬರಹ, ಚಿತ್ರಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಗಮನಿಸಿ, ಲೈಸೆನ್ಸ್ ಕಾಯುವುದು ಬರಹವನ್ನು ಮಾತ್ರ, ಅದರೊಳಗಿನ ಮದ್ದಿನ ಅರಿವನ್ನಲ್ಲ. 'ಹಾಗಾದರೆ ಕಂಪನಿಯವರು ಕದಿಯುವುದಿಲ್ಲವೇ' ಎಂಬ ನಿಮ್ಮ ಆತಂಕಕ್ಕೆ ಅರಿಸಿನದ ಕತೆ ಹೇಳುತ್ತೇನೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಇದು ಮೊದಲೇ ಗೊತ್ತಿದ್ದ ವಿಷಯ ಅಂತ ತೋರಿಸಲು ಹಳೆಯ ಗ್ರಂಥಗಳ ಜೊತೆ, ಭಾರತೀಯ ವೈದ್ಯಕೀಯ ಸಂಘದ ಜರ್ನಲ್‌ನಲ್ಲಿ 1953ರಲ್ಲಿ ಬಂದ ಒಂದು ಪೇಪರನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಯಾರೋ ಬರೆದು ಪ್ರಕಟಿಸಿಟ್ಟಿದ್ದರು, ಅದಕ್ಕೇ ಗೆಲ್ಲಲು ಸಾಧ್ಯವಾಯಿತು. ಹಾಗಂತ ಎಲ್ಲವನ್ನೂ ಬಿಚ್ಚಿಡಿ ಅಂತಲ್ಲ. ಯಾವ ವೈದ್ಯರಾದರೂ 'ಇದು ನಮ್ಮ ಮನೆತನದ ಮದ್ದು, ಹೊರಗೆ ಬೇಡ' ಅಂದಿದ್ದರೆ ಅದನ್ನು ಪೇಪರ್‌ನಿಂದ ತೆಗೆಯಿರಿ, ಪರಿಶೀಲಕರು ಕೇಳಿದರೂ ಸೇರಿಸಬೇಡಿ.

ಆ ವೈದ್ಯರಿಗೂ ಪೇಪರ್ ಸಿಗಬೇಕು ಅಲ್ವಾ? ಇಂಗ್ಲಿಷಿನ ಪೇಪರ್ ತೆರೆದಿದ್ದರೂ ಅವರ ಪಾಲಿಗೆ ಬೀಗ ಹಾಕಿದ್ದೇ. ಪೇಪರ್ ಪ್ರಕಟವಾದ ಮೇಲೆ ನಾಲ್ಕು ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ. ಸಸ್ಯಶಾಸ್ತ್ರದ ಹೆಸರು ಆವರಣದಲ್ಲಿರಲಿ, ಅವರು ಕರೆಯುವ ಹೆಸರೇ ಮುಂದೆ ಬರಲಿ. ಪೇಪರ್‌ನ ಭಾಷೆಯನ್ನೇ ಅನುವಾದ ಮಾಡದೆ ನಿಮ್ಮದೇ ಮಾತಿನಲ್ಲಿ ಹೊಸದಾಗಿ ಬರೆದರೆ ಕಾಪಿರೈಟ್ ತಕರಾರೂ ಬರುವುದಿಲ್ಲ. ಅದನ್ನೂ ಝೆನೋಡೋದಲ್ಲಿ ಇಡಿ, ಕನ್ನಡ ಅಂತ ಯಾರೂ ಬೇಡ ಅನ್ನುವುದಿಲ್ಲ. 38 ಪ್ರತಿ ಜೆರಾಕ್ಸ್ ತೆಗೆಸಿ, ಮುಂದಿನ ಸಲ ಆ ಕಡೆ ಹೋದಾಗ ಕೊಟ್ಟು ಬನ್ನಿ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಿರಲಿ, 60 ದಾಟಿದ ಕಣ್ಣುಗಳು.